ಅರ್ಧ ದಿನದ ಸೀನಿಯಾರಿಟಿ

“ನೀವು ಮೊದಲು ಬನ್ನಿ ಸಾರ್, ನೀವು ಹಾಕದೆ ನಾವ್ ಹೆಂಗೆ ಹಾಕೋದು?” ಎಂದು ಗುರುಶಾಂತಪ್ಪ, ಹೆಣದ ಕೊರಳ ತನಕ ಚಾಚಿದ್ದ ಹಾರವನ್ನು ಹಿಂದಕ್ಕೆ ಎಳೆದುಕೊಂಡ.

ಸೂಪರಿಂಟೆಂಡೆಂಟ್ ಅನಂತಪದ್ಮನಾಭ ಇನ್ನೂ ಓಣಿಯ ತುದಿಯಲ್ಲಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದ. ಅವನು ಬರುವ ತನಕ ಆಫೀಸಿನ ಹನ್ನೊಂದು ಜನವೂ ಬಿಸಿಲಲ್ಲಿ ಕಾದರು. ಮೊದಲು ಅವನು ಹಾಕಿದ, ಅವನ ಹಿಂದೆ ಗುರುಶಾಂತಪ್ಪ, ಆಮೇಲೆ ಉಳಿದ ಗುಮಾಸ್ತರು, ಟೈಪಿಸ್ಟುಗಳು, ಕಟ್ಟಕಡೆಗೆ ಜವಾನ ಪಿಳ್ಳಣ್ಣ. ಹೀಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಸಂಬಳದ ದಿನ ನಿಂತು ನಿಂತು ರೂಢಿಯಾಗಿತ್ತು. ಅಲ್ಲ, ಹೆಣದ ಮುಂದೆಯೂ ಸೀನಿಯಾರಿಟಿಯೇ? ನಾಚಿಕೆಗೆಟ್ಟ ಜನ!

ಹೆಣ ಸಂಜೀವಯ್ಯನದು. ಮೂವತ್ತೊಂಬತ್ತು ವಯಸ್ಸು. ಹದಿಮೂರು ವರ್ಷ ಗುಮಾಸ್ತನಾಗಿದ್ದವನು, ನಿನ್ನೆ ಸಾಯಂಕಾಲ ಆಫೀಸಿನಿಂದ ಬಂದು ಎದೆ ಉರಿ ಎಂದು ಮಲಗಿದವನು ಏಳಲಿಲ್ಲ. ಸುದ್ದಗುಂಟೆಪಾಳ್ಯದ ಆ ಸಣ್ಣ ಮನೆಯ ಮುಂದೆ ಬೆಂಚಿನ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ಕೂತಿದ್ದ ಅವನ ಅಕ್ಕ ಕೆಂಪಕ್ಕ ಆಫೀಸಿನವರನ್ನು ಕಂಡದ್ದೇ ತಡ, ದನಿ ಏರಿಸಿದಳು.

“ಬೆಳಗಾದ್ರೆ ಫ್ರೆಂಡು ಫ್ರೆಂಡು ಅಂತ ಓಡ್ತಿದ್ಯಲ್ಲೋ ನಮ್ಮಪ್ಪಾ! ಬಂದವ್ರೆ ನೋಡೋ ನಿನ್ ಫ್ರೆಂಡ್ಸು! ಎದ್ದು ಮಾತಾಡ್ಸೋ!”

ಆಫೀಸಿನವರು ತಲೆ ತಗ್ಗಿಸಿದರು. ನಂತರ ಒಬ್ಬೊಬ್ಬರಾಗಿ ನೀರಿನ ಟ್ಯಾಂಕಿನ ನೆರಳಿಗೆ ಸರಿದರು. ಅಲ್ಲಿ ನೌಕರರ ಸಂಘದ ವೆಂಕಟಸ್ವಾಮಿ ಬೀಡಿ ಹಚ್ಚಿಕೊಂಡು ಗುರುಶಾಂತಪ್ಪನ ಭುಜ ತಟ್ಟಿದ.

“ಏನ್ ಗುರು, ನಿನ್ ಲೈನ್ ಕ್ಲಿಯರ್ ಆಯ್ತಲ್ಲ.”

“ಥೂ, ಇಂಥ ಹೊತ್ತಲ್ಲಿ ಏನ್ ಮಾತ್ರಿ ಅದು.”

“ಇರೋದ್ ಹೇಳ್ದೆ. ಮುಂದಿನ ಪ್ರಮೋಷನ್ ಅವನದು. ಅವನು ಹೋದ. ಅವನ ಹಿಂದೆ ಇರೋನು ನೀನೇ ತಾನೆ?”

ಗುರುಶಾಂತಪ್ಪ ಮುಖ ಆಚೆ ತಿರುಗಿಸಿದ. ಬೆಳಿಗ್ಗೆ ಪಿಳ್ಳಣ್ಣ ಬಂದು ಸಾವಿನ ಸುದ್ದಿ ಹೇಳಿದಾಗ, ಅಯ್ಯೋ ಎನ್ನುವುದಕ್ಕೂ ಮೊದಲು ತನ್ನ ತಲೆಗೆ ಬಂದದ್ದು ಅದೇ ಎಂದು ಅವನಿಗೆ ಗೊತ್ತಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು. ಹೇಸಿಗೆ ಕಾಫಿ ಕುಡಿಯುವಷ್ಟರಲ್ಲಿ ಇಳಿದೂ ಹೋಗಿತ್ತು.

“ನಿಂದಿರ್ಲಿ,” ವೆಂಕಟಸ್ವಾಮಿ ದನಿ ತಗ್ಗಿಸಿದ. “ಇವನ ಮಗಳು ಎಸ್ಸೆಸ್ಸೆಲ್ಸಿ ಮಾಡಿ ಟೈಪಿಂಗೂ ಪಾಸ್ ಮಾಡವಳೆ. ಅನುಕಂಪದ ಮೇಲೆ ಅವಳಿಗೆ ಕೆಲಸ ಕೊಡ್ಲೇಬೇಕು. ಖಾಲಿ ಇರೋದು ಒಂದೇ ಟೈಪಿಸ್ಟ್ ಪೋಸ್ಟು. ಅದ್ರಲ್ಲಿ ದಿನಗೂಲಿ ಮೇಲೆ ಯಾರು ಕೂತವ್ನೆ?”

“ಕಿಟ್ಟಿ.”

“ಅನಂತಪದ್ಮನಾಭ ಸಾಹೇಬರ ತಂಗಿ ಮಗ ಕಿಟ್ಟಿ. ಇನ್ನೆರಡು ತಿಂಗಳಿಗೆ ಅವನನ್ನ ಪರ್ಮನೆಂಟ್ ಮಾಡ್ಬೇಕು ಅಂತಿದ್ರು. ಈಗ ನೋಡು ಮಜಾ.”

“ಸಂಘದಿಂದ ಆ ಹುಡುಗಿ ಪರವಾಗಿ ನೀವೇ ಒಂದು ಅರ್ಜಿ ಬರೆಸಬಹುದಲ್ಲ?”

“ನನ್ ಟ್ರಾನ್ಸ್‌ಫರ್ ತಡೆದು ನನ್ನ ಇಲ್ಲೇ ಉಳಿಸಿರೋರು ಯಾರು? ಅದೇ ಸಾಹೇಬರು,” ಎಂದು ವೆಂಕಟಸ್ವಾಮಿ ಬೀಡಿಯ ಬೂದಿ ಕೊಡವಿದ.

* * *

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ, ಜಯನಗರದ ಬಾಡಿಗೆ ಕಟ್ಟಡದಲ್ಲಿದ್ದ ಆ ಆಫೀಸಿನ ಮೆಟ್ಟಿಲ ಮೇಲೆ ಇಬ್ಬರು ಹುಡುಗರು ಕೆಲಸದ ಆರ್ಡರ್ ಹಿಡಿದು ಕೂತಿದ್ದರು. ಒಂಬತ್ತೂವರೆಗೇ ಬಂದವನು ಸಂಜೀವಯ್ಯ. ಹತ್ತಕ್ಕೆ ಬಂದ ಅನಂತಪದ್ಮನಾಭ ಚೀಲ ತಡಕಿ, ಬೆವತು, ಅಳುವುದೊಂದೇ ಬಾಕಿ.

“ಮಾರ್ಕ್ಸ್ ಕಾರ್ಡು ಮನೇಲೇ ಬಿಟ್ಟು ಬಂದಿದೀನಿ. ಒರಿಜಿನಲ್ ಇಲ್ದೆ ಸೇರಿಸ್ಕೊಳಲ್ವಂತೆ. ಇವತ್ತೇ ಕೊನೇ ದಿನ.”

“ಮನೆ ಎಲ್ಲಿ?”

“ಶ್ರೀನಗರ. ಬಸ್ಸಲ್ಲಿ ಹೋಗಿ ಬರೋಷ್ಟರಲ್ಲಿ ಸಂಜೆಯಾಗುತ್ತೆ. ನಂಗೆ ಸೈಕಲ್ ಬರಲ್ಲ.”

ಪರಿಚಯವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಹೆಡ್ ಕ್ಲಾರ್ಕ್ ಹನ್ನೊಂದಕ್ಕೆ ಬರುವುದು ಎಂದು ಕೇಳಿ, ಸಂಜೀವಯ್ಯ ವಿಳಾಸ ಬರೆದುಕೊಂಡು ಸೈಕಲ್ ಹತ್ತಿದ. ಶ್ರೀನಗರದ ಮನೆಗೆ ಬೀಗ. ಅನಂತನ ತಾಯಿ ಎಲ್ಲಿಗೋ ಹೋಗಿದ್ದವರು ಬರುವ ತನಕ ಬೀದಿಯಲ್ಲಿ ಕಾದ. ಆಕೆ ಬಂದು, ಯಾರ ಪೈಕಿ ಎಂದು ವಿಚಾರಿಸಿ, ಮಾರ್ಕ್ಸ್ ಕಾರ್ಡನ್ನು ಜಗಲಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದು, “ತಗೋಪ್ಪ” ಎಂದರು. ಅವನು ತೆಗೆದುಕೊಂಡ. ಅದನ್ನು ಅವನು ಅನಂತನಿಗೆ ಯಾವತ್ತೂ ಹೇಳಲಿಲ್ಲ.

ಮರಳಿ ಬಂದಾಗ ಒಂದಕ್ಕೆ ಐದು ನಿಮಿಷ. ಹೆಡ್ ಕ್ಲಾರ್ಕ್ ಆಗಲೇ ಊಟಕ್ಕೆ ಏಳುತ್ತಿದ್ದರು. “ಒಬ್ಬರದು ಮಾತ್ರ ತಗೋತೀನಿ. ಇನ್ನೊಬ್ಬರು ಎರಡರ ಮೇಲೆ ಬನ್ನಿ.”

“ಮೊದಲು ನಿಂದಾಗ್ಲಿ,” ಎಂದು ಸಂಜೀವಯ್ಯ ಅನಂತನನ್ನು ಬೆನ್ನು ಹಿಡಿದು ಮುಂದೆ ತಳ್ಳಿದ. “ಪಾಪ, ಬೆಳಗಿಂದ ಹೆದರ್ಕೊಂಡು ಸತ್ತಿದೀಯ.”

ಅನಂತಪದ್ಮನಾಭನ ಸೇವಾ ಪುಸ್ತಕದಲ್ಲಿ ‘ಪೂರ್ವಾಹ್ನ’ ಎಂದು ಬಿತ್ತು. ಸಂಜೀವಯ್ಯನದರಲ್ಲಿ ‘ಅಪರಾಹ್ನ’. ಇಬ್ಬರೂ ಹೋಟೆಲಿನಲ್ಲಿ ಒಂದು ಮಸಾಲೆದೋಸೆ ಹಂಚಿಕೊಂಡು ತಿಂದರು. ಆ ಅರ್ಧ ದಿನದ ವಿಷಯ ಇಬ್ಬರಿಗೂ ಗೊತ್ತಾದದ್ದು ಏಳು ವರ್ಷದ ಮೇಲೆ.

* * *

ಹೊರಗೆ ಬಿದಿರು ಕಡಿದು ಚಟ್ಟ ಕಟ್ಟುತ್ತಿದ್ದರು. ಅನಂತಪದ್ಮನಾಭ ಚಪ್ಪಲಿ ಬಿಟ್ಟು ಒಳಗೆ ಬಂದು ಮಡಿಸುವ ಕುರ್ಚಿಯ ಮೇಲೆ ಕೂತ. ಕರೆದ ಎಂದು ಗುರುಶಾಂತಪ್ಪನೂ ಹಿಂದೆ ಬಂದು ಗೋಡೆಗೆ ಒರಗಿದ. ಸಂಜೀವಯ್ಯನ ಹೆಂಡತಿ ಈಶ್ವರಮ್ಮ ಮೂಲೆಯಲ್ಲಿ ಮುದುಡಿ ಕೂತಿದ್ದವಳು ಸೆರಗು ಸರಿಮಾಡಿಕೊಂಡಳು.

“ಆಗಬಾರದ್ದು ಆಗೋಯ್ತಮ್ಮ,” ಎಂದ ಅನಂತಪದ್ಮನಾಭ. ಅವನ ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ. “ಮುಂದಿನ ದಾರಿ ನೋಡ್ಬೇಕು. ಮಗಳ ಕೆಲಸದ ಅರ್ಜಿ ಇವತ್ತೇ ಬರೆದು ಕೊಟ್ಬಿಡಿ. ಸೋಮವಾರ ನಾನೇ ಮೇಲಕ್ಕೆ ಕಳಿಸ್ತೀನಿ.”

ಕೆಂಪಕ್ಕ ಬಾಗಿಲಿಗೆ ಬಂದು ನಿಂತಳು. “ಹೆಣ ಇನ್ನೂ ಎತ್ತಿಲ್ಲ ಕಣ್ರಪ್ಪ! ಈಗ್ಲೇ ಏನ್ ಬರೆಯೋದು?”

“ನೀ ಸುಮ್ಕಿರಕ್ಕ,” ಎಂದಳು ಈಶ್ವರಮ್ಮ. “ಇವ್ರು ದಿನಾ ಹೇಳೋರು, ನಂಗೇನಾದ್ರೂ ಆದ್ರೆ ಇನ್ಯಾರ ಹತ್ರಾನೂ ಹೋಗ್ಬೇಡ, ಅನಂತನ ಹತ್ರ ಹೋಗು ಅಂತ. ಅವ್ರೇ ಮನೆಗಂಟ ಬಂದವ್ರೆ. ಲೇ ಮುನಿಲಕ್ಷ್ಮಿ, ಪೆನ್ನು ತಗಂಬಾ.”

ಹತ್ತೊಂಬತ್ತರ ಮುನಿಲಕ್ಷ್ಮಿ ಅಪ್ಪನ ಪೆನ್ನು, ಒಂದು ಬಿಳಿ ಹಾಳೆ ತಂದು ನೆಲದ ಮೇಲೆ ಕೂತಳು. ಅತ್ತು ಅತ್ತು ಮುಖ ಊದಿತ್ತು. ಆದರೂ ಹಾಳೆಯ ಎಡಕ್ಕೆ ಮಾರ್ಜಿನ್ ಬಿಡುವುದಕ್ಕೆ ಅಂಚು ಮಡಿಸಿದಳು.

* * *

ಆ ಮಾರ್ಜಿನ್ ಮಡಿಸುವುದನ್ನು ಅನಂತಪದ್ಮನಾಭನಿಗೆ ಕಲಿಸಿದವನೂ ಸಂಜೀವಯ್ಯನೇ. ಇಲಾಖೆಯ ಪರೀಕ್ಷೆಗೆ ಮೂವರೂ ಭಾನುವಾರ ಜಯನಗರದ ಪಾರ್ಕಿನಲ್ಲಿ ಕೂತು ಓದುತ್ತಿದ್ದರು: ಅನಂತ, ಸಂಜೀವ, ಒಂದು ವರ್ಷ ತಡವಾಗಿ ಸೇರಿದ್ದ ಗುರುಶಾಂತಪ್ಪ. ಸಂಜೀವಯ್ಯನಿಗೆ ನಿಯಮಗಳೆಲ್ಲ ಬಾಯಿಪಾಠ. ಅವನು ನೋಟ್ಸ್ ಬರೆಯುತ್ತಿದ್ದ, ಇವರಿಬ್ಬರೂ ಕಡಲೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ಮೂವರೂ ಪಾಸಾದರು.

ಎಪ್ಪತ್ತೆಂಟರಲ್ಲಿ ಒಂದು ಪ್ರಮೋಷನ್ ಬಂತು. ಅರ್ಧ ದಿನದ ಲೆಕ್ಕದಲ್ಲಿ ಅದು ಅನಂತಪದ್ಮನಾಭನಿಗೆ ಹೋಯಿತು. ಸಂಜೀವಯ್ಯ ತಾನೇ ಮೈಸೂರುಪಾಕ್ ತಂದು ಆಫೀಸಿಗೆಲ್ಲ ಹಂಚಿದ. ಮಾರನೆಯ ದಿನ ಅನಂತ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದ.

“ತಪ್ಪು ತಿಳ್ಕೋಬೇಡ ಸಂಜೀವ. ಆಫೀಸಲ್ಲಿ ಮಾತ್ರ ಸಾರ್ ಅನ್ನು. ನೋಡೋರಿಗೆ ಚೆನ್ನಾಗಿರಲ್ಲ.”

“ಅದಕ್ಕೇನೋ, ಅಂದ್ರಾಯ್ತು,” ಎಂದು ಸಂಜೀವಯ್ಯ ನಕ್ಕ.

ತಿಂಗಳು ಕಳೆಯುವಷ್ಟರಲ್ಲಿ ಬಸ್ ಸ್ಟಾಪಿನಲ್ಲೂ ಬಾಯಿ ತಪ್ಪಿ ‘ಸಾರ್’ ಎಂದ. ಅನಂತಪದ್ಮನಾಭ ಅದನ್ನು ತಿದ್ದಲಿಲ್ಲ. ಆಮೇಲೆ ಆರು ವರ್ಷ ಸಾಹೇಬರ ಹೆಸರಿನ ಟಿಪ್ಪಣಿಗಳನ್ನೆಲ್ಲ ಬರೆದವನು ಸಂಜೀವಯ್ಯ, ಕೆಳಗೆ ಸಹಿ ಮಾಡಿದವನು ಅನಂತಪದ್ಮನಾಭ. ಒಳ್ಳೆಯ ಕೈ ಎಂದು ಮೇಲಿನವರು ಹೊಗಳಿದ್ದು ಆ ಸಹಿಯನ್ನು. ಮನೆಯಲ್ಲಿ ಮಾತ್ರ ಸಂಜೀವಯ್ಯ ಕೊನೆಯ ತನಕ ‘ನಮ್ ಅನಂತ’ ಎನ್ನುತ್ತಿದ್ದ.

* * *

“ಬರಿಯಮ್ಮ,” ಅನಂತಪದ್ಮನಾಭ ಕಣ್ಣೊರೆಸಿಕೊಂಡು ಹೇಳತೊಡಗಿದ. “ನನ್ನ ತಂದೆಯವರಾದ ದಿವಂಗತ ಸಂಜೀವಯ್ಯನವರು…”

‘ದಿವಂಗತ’ ಎಂಬಲ್ಲಿ ಹುಡುಗಿಯ ಕೈ ನಿಂತಿತು. ಈಶ್ವರಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಅನಂತಪದ್ಮನಾಭ ತಾಳ್ಮೆಯಿಂದ ಕಾದು, ವಿದ್ಯಾರ್ಹತೆ, ವಯಸ್ಸು, ವಿಳಾಸ ಎಲ್ಲ ಬರೆಸಿದ. ಕೊನೆಗೆ ಕನ್ನಡಕ ಸರಿಮಾಡಿಕೊಂಡ.

“ಇನ್ನೊಂದು ಸಾಲು. ನನ್ನ ತಾಯಿಯವರು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸದಲ್ಲಿರುತ್ತಾರೆ.”

ಮುನಿಲಕ್ಷ್ಮಿ ತಲೆ ಎತ್ತಿದಳು. “ಅಮ್ಮಂದು ಪರ್ಮನೆಂಟ್ ಅಲ್ಲ ಸಾರ್. ಆಯಾ ಕೆಲಸ. ಹೆಡ್‌ಮಿಸ್ಸು ಕೈಯಿಂದ ಎಂಬತ್ತು ರೂಪಾಯಿ ಕೊಡ್ತಾರೆ, ಅಷ್ಟೆ. ಅದನ್ನೂ ಬರೀಲಾ?”

“ಬೇಡಮ್ಮ. ಅರ್ಜಿ ಚಿಕ್ಕದಾಗಿರಬೇಕು. ಉದ್ದ ಬರೆದ್ರೆ ಯಾರೂ ಓದಲ್ಲ. ನಿಮ್ಮಪ್ಪನೂ ಹಾಗೇ ಬರೀತಿದ್ದಿದ್ದು.”

ಗೋಡೆಗೆ ಒರಗಿದ್ದ ಗುರುಶಾಂತಪ್ಪ ನೆಟ್ಟಗೆ ನಿಂತ. ಮನೆಯಲ್ಲಿ ಇನ್ನೊಬ್ಬರು ಸರ್ಕಾರದ ಕೆಲಸದಲ್ಲಿದ್ದರೆ ಅನುಕಂಪದ ಅರ್ಜಿ ಅಲ್ಲಿಗೇ ಮುಗಿಯಿತು. ಮೇಲಿನವರು ಬೇರೇನೂ ನೋಡುವುದಿಲ್ಲ, ಆ ಒಂದು ಸಾಲಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಾರೆ. ಟೈಪಿಸ್ಟ್ ಪೋಸ್ಟು ಕಿಟ್ಟಿಗೆ. ಒಂದು ಮಾತು ಸಾಕಿತ್ತು: ಆ ಸಾಲು ಬೇಡಮ್ಮ. ಗುರುಶಾಂತಪ್ಪನ ಬಾಯಿ ತೆರೆಯಿತು ಕೂಡ.

“ಏನು ಗುರುಶಾಂತಪ್ಪ?” ಅನಂತಪದ್ಮನಾಭ ತಿರುಗಿ ನೋಡಿದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಹೇಳೋದು ಮರೆತಿದ್ದೆ. ನಿಮ್ಮ ಪ್ರಮೋಷನ್ ಫೈಲೂ ಸೋಮವಾರಾನೇ ಮೇಲಕ್ಕೆ ಹೋಗುತ್ತೆ.”

ಹೊರಗೆ ಯಾರೋ ಹಗ್ಗ ಸಾಲದೆಂದು ಕೂಗಿದರು.

“ಏನಿಲ್ಲ ಸಾರ್,” ಎಂದ ಗುರುಶಾಂತಪ್ಪ. “ಅವರು ಹೇಳ್ದಂಗೆ ಬರಿಯಮ್ಮ.”

ಮುನಿಲಕ್ಷ್ಮಿ ಬರೆದಳು. ಒಂದು ಕಾಟು ಇಲ್ಲ, ಒಂದು ಚಿತ್ತು ಇಲ್ಲ. ಕೆಳಗೆ ಸಹಿ ಹಾಕಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅನಂತಪದ್ಮನಾಭ ಪೂರ್ತಿ ಓದಿ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು ಎದ್ದ.

“ಅಪ್ಪನ ಕೈಬರಹಾನೇ ಬಂದಿದೆ.”

ಅಷ್ಟು ಸಾಕಾಯಿತು. ಈಶ್ವರಮ್ಮ ಬಿಕ್ಕಿ ಬಿಕ್ಕಿ ಅಳುತ್ತ ಮುಂದಕ್ಕೆ ತೆವಳಿ ಅವನ ಕಾಲು ಹಿಡಿದಳು.

“ಸೂತಕದಾಗೆ ಕಾಲು ಮುಟ್ಟಬಾರ್ದು ಕಣೇ,” ಎಂದು ಕೆಂಪಕ್ಕ ಬಾಗಿಲಿಂದ ಗದರಿದಳು.

“ದೇವರಿಗೆ ಯಾವ ಸೂತಕ ಅಕ್ಕ,” ಎಂದಳು ಈಶ್ವರಮ್ಮ, ಕೈ ತೆಗೆಯದೆ. “ಮುನಿಲಕ್ಷ್ಮಿ, ನೀನೂ ಬೀಳು.”

ಹುಡುಗಿ ಪೆನ್ನಿಗೆ ಕ್ಯಾಪ್ ಹಾಕಿ, ಲಂಗ ಒತ್ತಿಕೊಂಡು ಮಂಡಿಯೂರಿದಳು. ಮನೆ ಇಕ್ಕಟ್ಟು. ಅವಳಿಗೆ ಬಗ್ಗಲು ಜಾಗವಾಗಲಿ ಎಂದು ಗುರುಶಾಂತಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತ.