ಅಳತೆಗೆ ಸರಿಯಾದ ಅಂಗಿ

ದರ್ಜಿಯ ಹೆಂಡತಿಗೆ ಗಂಡನ ಮೇಲೆ ಅನುಮಾನ ಹುಟ್ಟಿದ್ದು ಒಂದು ಮಧ್ಯಾಹ್ನ. ಊಟ ಮುಗಿಸಿ ಅಂಗಡಿಗೆ ಬಂದರೆ ಒಳಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಹೊಲಿಗೆ ಯಂತ್ರ ಗಡಗಡ ಓಡುತ್ತಿತ್ತು. ತಟ್ಟಿದ ಕೂಡಲೇ ನಿಂತಿತು. ಅವನು ಏನನ್ನೋ ಬಟ್ಟೆರಾಶಿಯ ಕೆಳಗೆ ತುರುಕಿ ಬಂದು ಬಾಗಿಲು ತೆರೆದ, ಇಲ್ಲದ ನಗು ತಂದುಕೊಂಡು.

"ಯಾರದು?"

"ಗಿರಾಕಿದು. ಅರ್ಜೆಂಟು."

ಸುಳ್ಳು ಹೇಳುವುದರಲ್ಲಿ ಅವನದು ಎತ್ತಿದ ಕೈ. ದಪ್ಪಗಾದ ಹೆಂಗಸರು ಬಂದರೆ ಟೇಪು ಹಿಡಿದು ಎರಡಿಂಚು ಕಡಿಮೆ ಕೂಗುತ್ತಿದ್ದ. ಇವಳು ಎರಡಿಂಚು ಸೇರಿಸಿ ಬರೆದುಕೊಳ್ಳುತ್ತಿದ್ದಳು. ಹಳೇ ಅಂಗಿ ಬಿಗಿಯಾಯಿತೆಂದರೆ, "ಒಗೆದು ಒಗೆದು ಬಟ್ಟೆ ಕುಗ್ಗಿದೆ ತಾಯಿ, ನೀವು ಹಾಗೇ ಇದ್ದೀರಿ" ಎನ್ನುತ್ತಿದ್ದ. ಇಪ್ಪತ್ತು ವರ್ಷ ಇಬ್ಬರೂ ಕೂಡಿ ನಡೆಸಿದ ನಾಟಕ ಅದು, ಅದರಿಂದ ಯಾರ ಮನೆಯೂ ಮುಳುಗಿರಲಿಲ್ಲ. ಆದರೆ ಅವಳಿಗೂ ಹೇಳದೆ ಆಡುವ ನಾಟಕ?

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಸೇರದೆ ತಿಂಗಳ ಮೇಲಾಗಿತ್ತು, ಆ ಮಾತು ಬೇರೆ. ಈ ವಯಸ್ಸಿನಲ್ಲಿ ಯಾವಳ ಅಂಗಿಯಪ್ಪಾ ಇದು, ಅದೂ ಬಾಗಿಲು ಹಾಕಿಕೊಂಡು! ಮೂರನೆಯ ದಿನ ಅವನು ಗುಂಡಿ ತರಲು ಹೊರಟದ್ದೇ ತಡ, ರಾಶಿಯನ್ನೆಲ್ಲ ಕೆದಕಿದಳು. ಸಿಕ್ಕಿದ್ದು ಅವಳದೇ ಹಸಿರು ಅಂಗಿ.

ಮಗುಚಿ ನೋಡಿದಳು. ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಉಳಿದಿದ್ದವು. ಅದರ ಒಳಗೆ ಹೊಸ ಹೊಲಿಗೆ, ಅದಕ್ಕೂ ಒಳಗೆ ಇನ್ನೊಂದು. ಮನೆಗೆ ಓಡಿ ಬೀರು ತೆಗೆದರೆ ಎಲ್ಲ ಅಂಗಿಗಳದೂ ಅದೇ ಕಥೆ. ಅವಳು ಸೊರಗುತ್ತಿರುವುದು ಅವಳಿಗೇ ತಿಳಿಯಬಾರದೆಂದು ಅವನು ಬಟ್ಟೆಗಳನ್ನೇ ಸೊರಗಿಸಿದ್ದ.

ಅವನು ಬಂದೊಡನೆ ಅಂಗಿಯನ್ನು ಮುಖದ ಮುಂದೆ ಹಿಡಿದಳು. "ನನ್ನ ರಕ್ತಪರೀಕ್ಷೆ ರಿಪೋರ್ಟ್ ನೋಡಿ ಡಾಕ್ಟರು ಬರೀ ನಿಶ್ಶಕ್ತಿ ಅಂದ್ರು ಅಂತ ಹೇಳಿದ್ರಲ್ಲ. ನಿಜವಾಗಿ ಏನಂದ್ರು?"

"ಗೊತ್ತಿಲ್ಲ ಕಣೇ."

"ಇನ್ನೂ ಸುಳ್ಳಾ?"

"ನಿನ್ನಾಣೆ ಗೊತ್ತಿಲ್ಲ. ಆಸ್ಪತ್ರೆ ಬಾಗಿಲ ತನಕ ಹೋದೆ, ಕಾಲೇ ಬರಲಿಲ್ಲ. ರಿಪೋರ್ಟ್ ಇನ್ನೂ ಅಲ್ಲೇ ಇದೆ. ನಿನ್ನ ಮೈಮೇಲೆ ಅಂಗಿ ಜೋಲಾಡೋದು ನನ್ನ ಕೈಲಿ ನೋಡಕ್ಕಾಗ್ತಿರಲಿಲ್ಲ."

ಬೇರೆ ಹೆಂಗಸಿನ ವಿಷಯವಾಗಿದ್ದರೆ ಜಗಳ ಕಾದು ಮುಗಿಸಬಹುದಿತ್ತು. ಅವಳಿಗೆ ಭಯವಾಯಿತು, ಭಯಕ್ಕಿಂತ ಹೆಚ್ಚು ಸಿಟ್ಟು ಬಂತು. ರಕ್ತ ಕೊಟ್ಟು ಬಂದು ಒಂದೂವರೆ ತಿಂಗಳು! ಹೆದರಿದ್ದು ಅವನು, ಕಳೆದುಹೋದದ್ದು ಅವಳ ದಿನಗಳು. ಚಪ್ಪಲಿ ಮೆಟ್ಟಿದಳು.

"ನಾನೂ ಬರ್ತೀನಿ" ಎಂದ ಅವನು, ಕಣ್ಣೊರೆಸಿಕೊಳ್ಳುತ್ತ.

"ಬನ್ನಿ. ಆದ್ರೆ ಓದೋದು ನಾನು."