ನೆಲ ತೊಳೆದವಳು

"ಬ್ಯಾಡ್ರಿ ಸಣ್ಣಮ್ಮಾರ. ಹುಳಿ ಕಲ್ಲಿಗೆ ಆಗಂಗಿಲ್ಲ."

ಗದಿಗೆಮ್ಮ ಸೀರೆಯನ್ನು ಮೊಳಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು ಬಚ್ಚಲಮನೆಯ ಬಾಗಿಲಲ್ಲೇ ನಿಂತಿದ್ದಳು. ದೀಪ್ತಿ ತಿರುಗಿ ನೋಡಲಿಲ್ಲ. ಅವಳ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಿಸಿ ವಿನೆಗರ್ ತುಂಬಿದ ಪಾತೇಲಿ. ಅದರ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರಾಡುತ್ತಿತ್ತು. ಎದುರಿಗೆ ಷವರಿನ ಗಾಜಿನ ಬಾಗಿಲು. ಎರಡು ವರ್ಷದ ಬೋರ್ ನೀರು ಹನಿಹನಿಯಾಗಿ ಒಣಗಿ, ಉಪ್ಪು ಪದರಗಟ್ಟಿ, ಆಚೆ ಬದಿಯ ನಲ್ಲಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಸೋಪು, ಪುಡಿ, ತೆಂಗಿನ ನಾರು ಯಾವುದಕ್ಕೂ ಅದು ಜಗ್ಗಿರಲಿಲ್ಲ.

"ನಾ ಕಲ್ಲಿಗೆ ಹಾಕಲಿಕ್ಕತ್ತಿಲ್ಲ. ಗಾಜಿಗೆ ಹಾಕಲಿಕ್ಕತ್ತೀನಿ."

"ಗಾಜಿಗೆ ಹಾಕಿದ್ದು ಮ್ಯಾಲೆ ಹಾರಿ ಹೋಗ್ತೈತೇನ್ರಿ? ಕೆಳಗ ಇಳಿತೈತಿ. ನಮ್ಮ ಮನಿಯವ್ರು ಇಪ್ಪತ್ತು ವರ್ಸ ಶಾಬಾದಿ ಫರಸಿ ಕಲ್ಲು ಪಾಲಿಸ್ ಮಾಡ್ಯಾರ. ಮದಿವಿ ಊಟದಾಗ ಹುಣಸಿ ಸಾರು ಚೆಲ್ಲಿದ್ರ ಸಾಕು, ಅಷ್ಟಗಲ ಬೆಳ್ಳಗಾಗಿ ಕುಂದರತಿತ್ತು. ಎಷ್ಟು ತಿಕ್ಕಿದ್ರೂ ಹೋಗ್ತಿದ್ದಿಲ್ಲ."

"ಇದು ಫರಸಿ ಅಲ್ಲ ಗದಿಗೆಮ್ಮ, ಮಾರ್ಬಲ್."

"ಹೆಸರು ದೊಡ್ಡದಿದ್ರ ಹುಳಿ ಹೆದರತೈತೇನ್ರಿ?"

ದೀಪ್ತಿ ಫೋನನ್ನು ಅವಳ ಕಡೆ ತಿರುಗಿಸಿದಳು. ಅದರೊಳಗೆ ಒಬ್ಬ ಬೆಳ್ಳನೆಯ ಹೆಂಗಸು ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಗಾಜಿಗೆ ಅಂಟಿಸಿ, ಅರ್ಧ ತಾಸು ಬಿಟ್ಟು, ಅಡುಗೆ ಸೋಡಾದಲ್ಲಿ ಹೊರಳಿಸಿದ ನಿಂಬೆಹೋಳಿನಿಂದ ಉಜ್ಜುತ್ತಿದ್ದಳು. ಗಾಜು ಫಳಫಳ ಹೊಳೆಯುತ್ತಿತ್ತು.

ಗದಿಗೆಮ್ಮ ಬಗ್ಗಿ ನೋಡಿದಳು. "ಈಕಿ ಮನಿಯಾಗ ಕಲ್ಲs ಇಲ್ಲಲ್ರಿ, ಪ್ಲಾಸ್ಟಿಕ್ ಇದ್ದಂಗೈತಿ. ಅಕೀ ಉಗುರು ನೋಡ್ರಿ. ಬಚ್ಚಲ ತಿಕ್ಕೂ ಕೈಯೇನ್ರಿ ಅವು?"

ದೀಪ್ತಿಗೆ ನಗು ಬಂತು. ಬೇರೆ ದಿನವಾಗಿದ್ದರೆ ನಕ್ಕೂಬಿಡುತ್ತಿದ್ದಳು. ತೆಲುಗು ನಾಡಿನ ಕೊಂಡಾಪುರದ ಈ ಮೂರನೇ ಅಂತಸ್ತಿನ ಮನೆಗೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಅವಳನ್ನು ನಗಿಸುತ್ತಿದ್ದವಳು ಗದಿಗೆಮ್ಮ ಒಬ್ಬಳೇ. ಗಂಡ ಸುಶಾಂತ ಎಂಟಕ್ಕೆ ಆಫೀಸಿಗೆ ಹೋದರೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಅತ್ತೆ ಮಂದಾಕಿನಿ ಒಂದು ದಿನವೂ ಗದರಿದವರಲ್ಲ. ಆದರೆ ಬಂದವರ ಮುಂದೆ, "ಗಾಜಿನ ಬಾಗಲಾ ನಮ್ಮ ಸುಶಾಂತನ ಹಟ. ಇನ್ನ ಅದನ್ನ ತೊಳೀಬೇಕಾದವರು ಯಾರು ಅಂತ ಅವನ್ನs ಕೇಳ್ರಿ" ಎಂದು ನಗುತ್ತಿದ್ದರು. ಆಗೆಲ್ಲ ದೀಪ್ತಿ ಚಹಾದ ತಟ್ಟೆ ಹಿಡಿದು ನೆಲ ನೋಡುತ್ತ ನಿಂತಿರುತ್ತಿದ್ದಳು. ನಾಳೆ ಪುಣೆಯಿಂದ ಅತ್ತೆಯ ಅಕ್ಕ ಬರುವವರಿದ್ದರು. ಅತ್ತೆ ಮಾವ ಇಬ್ಬರೂ ಕೋಠಿಯ ಪೇಟೆಗೆ ಹೋಗಿದ್ದರು, ಸೀರೆ ತರಲು. ಬರುವುದರೊಳಗೆ ಗಾಜು ಹೊಳೆಯಬೇಕು.

"ಒಂದು ಒದ್ದಿ ಸೀರಿ ಕೆಳಗ ಹಾಸ್ತೀನ್ರಿ, ಹುಳಿ ಹೀರ್ಕೊಳ್ಳಲಿ. ಇಲ್ಲಾಂದ್ರ ಬರೇ ಸೋಡಾಪುಡಿ ಹಾಕಿ ನಾ ತಿಕ್ಕತೀನಿ. ತಡಾ ಆಗ್ತೈತಿ, ಆದ್ರ ಹೋಗ್ತೈತಿ."

"ಆ ಸೀರಿ ಗಾಜಿಗೆ ಬೇಕು. ನಾ ಹೇಳಿದಷ್ಟು ಮಾಡು."

ತನ್ನ ದನಿ ತನಗೇ ಹೊಸದೆನಿಸಿತು. ಈ ಮನೆಯಲ್ಲಿ ಅವಳು ಆ ದನಿಯಲ್ಲಿ ಮಾತಾಡಬಹುದಾದವರು ಇನ್ನಾರೂ ಇರಲಿಲ್ಲ. ಗದಿಗೆಮ್ಮ "ಆತ್ರಿ" ಎಂದು ಹಳೆ ಸೀರೆಯನ್ನು ಎರಡಾಗಿ ಹರಿದುಕೊಟ್ಟಳು. ದೀಪ್ತಿ ಅದನ್ನು ಪಾತೇಲಿಯಲ್ಲಿ ಅದ್ದಿ ಗಾಜಿನ ಮೇಲೆ ಹರಡಿದಳು. ಬಟ್ಟೆಯ ಅಂಚಿನಿಂದ ವಿನೆಗರ್ ಸಣ್ಣಗೆ ಇಳಿದು, ತೆಳು ಹಳದಿಯ ಕಲ್ಲಿನ ಮೇಲೆ ಹರಿದು, ಮೂಲೆಯಲ್ಲಿ ನಿಂತಿತು.

"ನಾ ಕರಿಯೂತನಾ ಮುಟ್ಟಬ್ಯಾಡ."

ಗದಿಗೆಮ್ಮ ಎದುರು ಮನೆಯ ಪಾತ್ರೆ ತಿಕ್ಕಲು ಹೋದಳು. ಅಷ್ಟರಲ್ಲಿ ಕಲಬುರಗಿಯಿಂದ ದೀಪ್ತಿಯ ಅವ್ವನ ಫೋನು ಬಂತು. ಅವ್ವನಿಗೆ ಮಂಡಿ ನೋವು. ತಮ್ಮ ರೋಹಿತನ ಪರೀಕ್ಷೆ. "ಅತ್ತಿ ಹೆಂಗ ನೋಡ್ಕೋತಾರ?" ಎಂಬ ಪ್ರಶ್ನೆಗೆ ದೀಪ್ತಿ ಎಂದಿನಂತೆ, "ಛಲೋ ನೋಡ್ಕೋತಾರ" ಎಂದಳು. ಬಾಲ್ಕನಿಯಲ್ಲಿ ನಿಂತು ಮಾತಾಡುತ್ತ ಅರ್ಧ ತಾಸು ಒಂದೂವರೆ ತಾಸಾಯಿತು.

ಒಳಗೆ ಬಂದಾಗ ಬಚ್ಚಲಮನೆಯಲ್ಲಿ ನೀರಿನ ಸದ್ದು. ಕರೆಯದೆಯೇ ಬಂದ ಗದಿಗೆಮ್ಮ ಬಕೆಟ್ ಮೇಲೆ ಬಕೆಟ್ ನೀರು ಹೊಯ್ದು, ಮಂಡಿಯೂರಿ ನೆಲ ತೊಳೆಯುತ್ತಿದ್ದಳು. ಅವಳ ರವಿಕೆ ಬೆನ್ನಿಗೆ ಅಂಟಿತ್ತು. ಇಬ್ಬರೂ ಸೇರಿ ನಿಂಬೆಹೋಳಿನಿಂದ ಗಾಜು ಉಜ್ಜಿದರು. ಪದರ ಎದ್ದುಬಂತು. ಹಳೆ ಪೇಪರಿನಿಂದ ಒರೆಸಿದ ಮೇಲೆ ಅಲ್ಲಿ ಗಾಜು ಇದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಬೇಕು, ಹಾಗಾಯಿತು. ಒದ್ದೆ ನೆಲವೂ ಹೊಳೆಯುತ್ತಿತ್ತು.

"ನೋಡಿದೇನು?" ಎಂದಳು ದೀಪ್ತಿ.

"ಒಣಗಲ್ರಿ," ಎಂದಳು ಗದಿಗೆಮ್ಮ.

ಒಂದು ಗಂಟೆಗೆ ಮಂದಾಕಿನಿ ಬಂದು ಕೈಕಾಲು ತೊಳೆಯಲು ಹೋದವರು ಒಳಗಿನಿಂದಲೇ ಕರೆದರು. "ಅಯ್ಯ, ದೀಪ್ತೀ! ಗಾಜು ಯಾರು ಮಾಡಿದ್ರವಾ?"

"ನಾನs ಮಾಡಿದೇರಿ ಅತ್ತಿ."

ಅವರು ಹೊರಗೆ ಬಂದು ಅವಳ ಬೆನ್ನಿನ ಮೇಲೆ ಕೈಯಿಟ್ಟರು. "ಭಾಳ ಛಲೋ ಮಾಡೀದಿ. ಎರಡು ವರ್ಷದಾಗ ಯಾರ ಕೈಲೆನೂ ಆಗಿರಲಿಲ್ಲ." ಆ ಕೈ ಅಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನು ದೀಪ್ತಿ ಊಟಕ್ಕೆ ಬಡಿಸುವಾಗಲೂ ನೆನೆಯುತ್ತಿದ್ದಳು.

ನೆಲ ಒಣಗಿದ್ದು ನಾಲ್ಕು ಗಂಟೆಯ ಹೊತ್ತಿಗೆ. ಗಾಜಿನ ಬುಡದಿಂದ ಮೂಲೆಯವರೆಗೆ, ವಿನೆಗರ್ ಹರಿದ ದಾರಿಯುದ್ದಕ್ಕೂ, ಕಲ್ಲಿನ ಹೊಳಪು ಸತ್ತು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಮಂದಾಕಿನಿ ಬಗ್ಗಿ ಬೆರಳಾಡಿಸಿದರು. ಒರಟು. ಆ ಕಲ್ಲನ್ನು ಆರಿಸಲು ಅವರು ರಾಜಸ್ಥಾನದವರೆಗೆ ಹೋಗಿದ್ದರು. ಒಂದೊಂದು ಹಾಸುಗಲ್ಲಿಗೂ ತಾವೇ ಪೆನ್ಸಿಲಿನಿಂದ ಗುರುತು ಹಾಕಿ ಬಂದಿದ್ದರು. ಬಹಳ ಹೊತ್ತು ಅವರು ಏಳಲಿಲ್ಲ.

"ನೆಲ ಯಾರು ತೊಳದ್ರು?" ಎಂದು ಕೇಳಿದರು, ಮೆಲ್ಲಗೆ.

"ಗದಿಗೆಮ್ಮ," ಎಂದಳು ದೀಪ್ತಿ.

ಅದು ನಿಜವಾಗಿತ್ತು.

ಕೆಳಗಿನಿಂದ ಗದಿಗೆಮ್ಮನನ್ನು ಕರೆಸಿದರು. ಅವಳ ಗಂಡ ಮೌನಪ್ಪ ಈ ಅಪಾರ್ಟ್‌ಮೆಂಟಿನ ವಾಚ್‌ಮನ್. ಕಾರು ನಿಲ್ಲಿಸುವ ಸೆಲ್ಲಾರಿನ ಮೂಲೆಯಲ್ಲಿ ಅವರಿಗೊಂದು ಖೋಲಿ. ಇಪ್ಪತ್ತು ವರ್ಷ ತಿಕ್ಕಿದ ಕಲ್ಲಿನ ಧೂಳು ಮೌನಪ್ಪನ ಎದೆಯೊಳಗೆ ಕೂತಿತ್ತು. ಎರ್ರಗಡ್ಡದ ಎದೆರೋಗದ ಆಸ್ಪತ್ರೆಯವರು ಇನ್ನು ಕಲ್ಲಿನ ಕೆಲಸಕ್ಕೆ ಹೋದರೆ ಉಳಿಯುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಟ್ಯಾಂಕರಿನ ಪೈಪು ಎಳೆಯುವಾಗ ಅವನು ಎರಡು ಸಲ ಕೂರುತ್ತಾನೆ, ಕೆಮ್ಮುತ್ತಾನೆ, ಬೇರೆಯವರನ್ನು ತರೋಣ ಎಂದು ಉಳಿದ ಮನೆಯವರು ಮೀಟಿಂಗಿನಲ್ಲಿ ಗಲಾಟೆ ಮಾಡಿದಾಗ ಎದ್ದು ನಿಂತವರು ಮಂದಾಕಿನಿಯೇ. "ನಮ್ಮ ಕಡೆ ಮಂದಿ, ನಂಬಿಗಸ್ತರು. ಅವರ ಜವಾಬ್ದಾರಿ ನಂದು" ಎಂದು ತೆಲುಗಿನಲ್ಲಿ ಹೇಳಿದ್ದರು. ಸೆಕ್ರೆಟರಿಯಾಗಿದ್ದ ಮಾವ ದತ್ತಾತ್ರೇಯ ಹಾಗೆಯೇ ಬರೆದುಕೊಂಡಿದ್ದರು. ಆ ಒಂದು ಮಾತಿನ ಮೇಲೆ ಖೋಲಿ ನಿಂತಿತ್ತು.

"ಆಸಿಡ್ ಹಾಕೀದಿ ಹೌದಿಲ್ಲೋ?" ಎಂದರು ಮಂದಾಕಿನಿ.

"ಆಸಿಡ್ ಮುಟ್ಟಿಲ್ರಿ ಅಮ್ಮಾರ. ನಮ್ಮವ್ವನ ಆಣಿ."

"ಮತ್ತ ಇದೇನು? ಕಲ್ಲು ತಾನs ತಾನು ಸುಟ್ಟು ಹೋತೇನು?"

ಗದಿಗೆಮ್ಮ ದೀಪ್ತಿಯತ್ತ ನೋಡಿದಳು. ಸಿಟ್ಟಿನಿಂದಲ್ಲ. ಹೊಸ್ತಿಲಲ್ಲಿ ಯಾರಿಗೋ ದಾರಿ ಬಿಟ್ಟು ಸರಿದು ನಿಲ್ಲುವವರ ಹಾಗೆ. "ಸಣ್ಣಮ್ಮಾರು ಅಲ್ಲೇ ಇದ್ರಲ್ರಿ," ಎಂದಳು. "ಅವ್ರನ್ನ ಕೇಳ್ರಿ."

ಮಂದಾಕಿನಿ ತಿರುಗಿದರು. ದತ್ತಾತ್ರೇಯ ಪೇಪರು ಮಡಿಸಿದರು. ದೀಪ್ತಿಗೆ ಗಂಟಲವರೆಗೆ ಮಾತು ಬಂತು. ಜೊತೆಗೇ ಬೆನ್ನ ಮೇಲಿನ ಆ ಕೈಯ ನೆನಪೂ ಬಂತು.

"ನಾ... ಅವ್ವನ ಕೂಡ ಫೋನಿನ್ಯಾಗ ಇದ್ದೇರಿ," ಎಂದಳು.

ಅದೂ ನಿಜವೇ ಆಗಿತ್ತು.

ಮಂದಾಕಿನಿ ಬೈಯುತ್ತ ಹೋದಂತೆ ಗದಿಗೆಮ್ಮ ಸಿಕ್ಕಿಸಿದ್ದ ಸೀರೆಯನ್ನು ಬಿಡಿಸಿ, ನಿರಿಗೆಯನ್ನು ಒಂದೊಂದಾಗಿ ಸರಿಮಾಡಿಕೊಂಡಳು.

ಮರುದಿನ ಬೆಳಿಗ್ಗೆ ದೀಪ್ತಿ ಕಸದ ಬುಟ್ಟಿ ಹೊರಗಿಡಲು ಬಾಗಿಲು ತೆಗೆದರೆ ಗದಿಗೆಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಎದ್ದು ನಿಂತು, ಒಳಗಿನವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಮಾತಾಡಿದಳು.

"ತಿಂಗಳ ಮುಗಿಯೂದ್ರಾಗ ಖಾಲಿ ಮಾಡ್ರಿ ಅಂದಾರ ಸಾಹೇಬ್ರು. ನನಗ ಕೆಲಸ ಬ್ಯಾಡ್ರಿ. ಕಳ್ಳಿ ಅಂದ್ರೂ ಅನ್ನಲಿ, ಸುಳ್ಳಿ ಅಂದ್ರೂ ಅನ್ನಲಿ. ಖೋಲಿ ಒಂದು ಇರ್ಲಿ. ಸನತ್‌ನಗರದಾಗ ನಮ್ಮೂರ ಪರಮೇಶ ಅದಾನ, ಕಲ್ಲು ಕೊಯ್ಯೂ ಅಡ್ಡಾದಾಗ. ಬರ್ರಿ, ಇಬ್ಬರಿಗೂ ಇರಾಕ ಜಾಗಾ ಕೊಡಸ್ತೀನಿ ಅಂತಾನ. ಆದ್ರ ಮಶೀನಿಗೆ ನಮ್ಮ ಮನಿಯವ್ರು ನಿಂದ್ರಬೇಕು. ಇವ್ರು ಮತ್ತ ಆ ಧೂಳಿನ್ಯಾಗ ನಿಂತ್ರ..." ಅವಳು ಮಾತು ಮುಗಿಸಲಿಲ್ಲ. "ನೀವು ಒಂದು ಮಾತು ಹೇಳ್ರಿ. ನಿಮ್ಮನ್ನ ಬೈದ್ರ ಒಂದು ದಿನ ಬೈತಾರ. ಮನಿ ಬಿಡಸಂಗಿಲ್ಲ."

"ಹೇಳ್ತೀನಿ," ಎಂದಳು ದೀಪ್ತಿ. "ಇವತ್ತs ಹೇಳ್ತೀನಿ, ಗದಿಗೆಮ್ಮ."

ಅವಳಿಗೆ ಹೇಳುವ ಮನಸ್ಸಿತ್ತು. ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿಕೊಂಡಳು: ಅತ್ತಿ, ಹುಳಿ ಹಾಕಿದಾಕಿ ನಾನು, ಅಕಿ ಬ್ಯಾಡ ಅಂದಿದ್ಲು. ಏಳೇ ಮಾತು. ಹತ್ತು ಗಂಟೆಗೆ ಪುಣೆಯ ದೊಡ್ಡತ್ತೆ ಬಂದರು. ಮಂದಾಕಿನಿ ಅವರನ್ನು ಮೊದಲು ಬಚ್ಚಲಮನೆಗೇ ಕರೆದೊಯ್ದರು. ಕಲ್ಲು ತೋರಿಸಿ ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ಗಾಜು ತೋರಿಸಿದರು.

"ಇದು ನಮ್ಮ ದೀಪ್ತಿ ಕೈಯಾಗಿಂದು. ಓದಿದ ಹುಡುಗಿ ಇದ್ರೂ ಬಚ್ಚಲಕ್ಕ ಹೇಸಲಿಲ್ಲ ನೋಡ್ರಿ ಅಕ್ಕಾ."

"ಪುಣ್ಯಾ ಮಾಡಿ ಪಡದೀ ಇಂಥ ಸೊಸೀನ," ಎಂದರು ದೊಡ್ಡತ್ತೆ. ದೀಪ್ತಿಯ ಗದ್ದ ಹಿಡಿದು, ತಂದ ಬಾಕರವಡಿ ತಿಂಡಿಯ ಪೊಟ್ಟಣವನ್ನು ಅವಳ ಕೈಗೇ ಕೊಟ್ಟರು.

"ಅತ್ತಿ," ಎಂದಳು ದೀಪ್ತಿ. "ಆ ಗದಿಗೆಮ್ಮ..."

"ಅಕಿ ಹೆಸರು ತಗೀಬ್ಯಾಡ. ಅಷ್ಟು ಮಂದಿ ಮುಂದ ಅಕಿ ಸಲುವಾಗಿ ನಾ ಮಾತು ಕೊಟ್ಟಿದ್ದೆ. ಪಾಲಿಶ್ ಮಾಡೋ ಅಮರಯ್ಯನ್ನ ಕರಸೀನಿ, ಎರಡು ತಾಸಿನ್ಯಾಗ ಕಲ್ಲು ಮೊದಲಿನಂಗ ಆಗ್ತದ ಅಂದಾನ. ಕಲ್ಲು ಆಗ್ತದವಾ. ಎದುರಿಗೆ ನಿಂತು ಅವ್ವನ ಆಣಿ ಮಾಡಿ ಸುಳ್ಳು ಹೇಳಿದ್ಲಲ್ಲ, ಅದಕ್ಕೇನು ಪಾಲಿಶ್ ಹೊಡೀಲಿ?" ಮಂದಾಕಿನಿ ಮೂಗು ಒರೆಸಿಕೊಂಡರು. "ಹಾಂ, ನೀ ಏನೋ ಅನ್ನಲಿಕ್ಕತ್ತಿದ್ದಿ?"

ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಅತ್ತೆಯ ಮುಖದಲ್ಲಿ ಮಗಳನ್ನು ನೋಡುವ ನೋಟವಿತ್ತು.

"ಇನ್ನೊಂದು ಸಲ ಚಹಾ ಇಡ್ಲೇನ್ರಿ ಅಂತ," ಎಂದಳು ದೀಪ್ತಿ.

ಆ ದಿನ ಹೋಯಿತು. ಅದರ ಮರುದಿನವೂ. ಹೇಳದೆ ಕಳೆದ ಒಂದೊಂದು ದಿನವೂ ಮುಂದಿನ ದಿನ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು. ಈಗ ಹುಳಿಯ ಜೊತೆಗೆ ಮೌನವನ್ನೂ ಒಪ್ಪಿಕೊಳ್ಳಬೇಕಿತ್ತು. ಕೆಳಗೆ ಹೋಗುವುದನ್ನೇ ಅವಳು ಬಿಟ್ಟಳು. ತರಕಾರಿಯ ಗಾಡಿ ಬಂದರೆ, ತಲೆನೋವು ಎಂದು ಅತ್ತೆಯನ್ನೇ ಕಳಿಸಿದಳು.

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದಾಗ ಕೆಳಗೆ ಟ್ರಾಲಿ ಆಟೋ ನಿಂತಿತ್ತು. ಗ್ಯಾಸ್ ಒಲೆ, ಸುತ್ತಿದ ಹಾಸಿಗೆ, ಒಂದು ಫ್ಯಾನು, ಎರಡು ಕೊಡ. ಗದಿಗೆಮ್ಮ ಟ್ರಂಕನ್ನು ಒಬ್ಬಳೇ ಎತ್ತಿ ಇಟ್ಟಳು. ಮೌನಪ್ಪ ಒಂದು ದಿಂಬು ಹಿಡಿದು ಬಂದು, ನಡುವೆ ಕಂಬಕ್ಕೆ ಆತು ನಿಂತು, ಮತ್ತೆ ನಡೆದ. ಒಳಗೆ ಸುಶಾಂತ ಸ್ನಾನಕ್ಕೆ ಹೋಗಿದ್ದ. ಅತ್ತೆ ದೇವರ ಮುಂದೆ ಕೂತಿದ್ದರು. ಮೂರು ಅಂತಸ್ತು ಇಳಿದರೆ ಎರಡು ನಿಮಿಷ. ದೀಪ್ತಿ ಒದ್ದೆ ಅಂಗಿಯೊಂದನ್ನು ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು.

ಗದಿಗೆಮ್ಮ ಹತ್ತಿ ಕೂತಳು. ತಲೆಯೆತ್ತಿ ನೋಡಲಿಲ್ಲ. ಮೌನಪ್ಪ ಹೋಗಿ ಗೇಟಿನ ಎರಡೂ ಕದ ತೆಗೆದ. ಆಟೋ ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯಿತು. ಹೊಸ ವಾಚ್‌ಮನ್ ಇನ್ನೂ ಬಂದಿರಲಿಲ್ಲ. ಮೌನಪ್ಪ ಹೊರಗೆ ನಿಂತು ಒಂದು ಕದ ಎಳೆದ. ಸರಳು ಹಿಡಿದುಕೊಂಡು, ತಲೆ ತಗ್ಗಿಸಿ, ಉಸಿರು ಸಿಗುವವರೆಗೆ ಕಾದ. ಇನ್ನೊಂದು ಕದ ಎಳೆದ. ಆಮೇಲೆ ಸರಳುಗಳ ನಡುವೆ ಕೈ ತೂರಿಸಿ, ಒಳಗಿನ ಚಿಲಕವನ್ನು ಬೆರಳಲ್ಲಿ ತಡಕಿ ಹುಡುಕಿ, ಸದ್ದಾಗದಂತೆ ಹಾಕಿದ.