ಮೇಲೆ ಯಾರು, ಕೆಳಗೆ ಯಾರು

ದೊಡ್ಡಣ್ಣ, ಚಿಕ್ಕಣ್ಣ ಇಬ್ಬರೂ ಹಲ್ಲಿನ ಡಾಕ್ಟರು. ಒಂದೇ ಕ್ಲಿನಿಕ್ಕು, ಎದುರುಬದುರು ಕೋಣೆ. ಅದರ ವೆಬ್‌ಸೈಟನ್ನು ಯಾವ ಕಾಲದಲ್ಲೋ ಚಿಕ್ಕಣ್ಣನ ಭಾವಮೈದುನ ಮಾಡಿಕೊಟ್ಟಿದ್ದ. ಕಂಪ್ಯೂಟರಿನಲ್ಲಿ ಇಬ್ಬರ ಫೋಟೋಗಳೂ ಅಕ್ಕಪಕ್ಕ, ಒಂದೇ ಅಳತೆಯಲ್ಲಿ ನಗುತ್ತಿದ್ದವು. ಫೋನಿನಲ್ಲಿ ಮಾತ್ರ ಪುಟ ಪರದೆಯಾಚೆ ಚೆಲ್ಲಿಹೋಗಿ ದೊಡ್ಡಣ್ಣ ಪೂರ್ತಿ ಕಾಣುತ್ತಿದ್ದ, ಚಿಕ್ಕಣ್ಣನದು ಒಂದು ಕಿವಿ. ಹಾಗಾಗಿ ಚಿಕ್ಕಣ್ಣನೇ ತಂಗಿಯನ್ನು ಕರೆದು ರಿಪೇರಿ ಮಾಡಿಕೊಡು ಅಂದ.

ತಂಗಿಗೆ ವೆಬ್ ಪುಟ ಕಟ್ಟುವುದೇ ಹೊಟ್ಟೆಪಾಡು. ಕೋಡು ತೆರೆದರೆ ತಲೆಬರಹ, ಮೆನು, ವಿಳಾಸ ಎಲ್ಲವೂ ಹೆಸರಿಲ್ಲದ ಡಬ್ಬಗಳು, ಡಬ್ಬದೊಳಗೆ ಡಬ್ಬ. ಕಣ್ಣು ಮಂಜಾದ ಅಪ್ಪ ಪುಟವನ್ನು ಫೋನಿನಿಂದ ಓದಿಸಿ ಕೇಳುತ್ತಿದ್ದರು. ಮಕ್ಕಳ ಸರದಿ ಬಂದಾಗ ಅದು 'ಚಿತ್ರ ನಾಲ್ಕು, ಚಿತ್ರ ಐದು' ಎನ್ನುತ್ತಿತ್ತು. ಅವಳು ಡಬ್ಬಗಳನ್ನು ಕಿತ್ತು ತಲೆಬರಹಕ್ಕೆ ತಲೆಬರಹದ ಟ್ಯಾಗು, ಮೆನುವಿಗೆ ಮೆನುವಿನದು ಹಾಕಿದಳು. ಚಿತ್ರದಲ್ಲಿರುವವರು ಯಾರೆಂದು ಬರೆದಳು. ಪುಟ ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುವಂತಾಯಿತು. ಜಾಗ ಸಾಲದ ಕಡೆ ಅಕ್ಕಪಕ್ಕದವು ಒಂದರ ಕೆಳಗೊಂದು ಬರಲೇಬೇಕಲ್ಲ, ಬಂದವು. ದೊಡ್ಡಣ್ಣ ಮೇಲೆ, ಚಿಕ್ಕಣ್ಣ ಕೆಳಗೆ.

ಅಲ್ಲಿಂದ ರಗಳೆ ಶುರು. ನಮ್ಮವರು ಯಾರ ಕೈಕೆಳಗೂ ಇಲ್ಲ ಎಂದು ಚಿಕ್ಕತ್ತಿಗೆ ಫೋನ್ ಮಾಡಿದಳು. ಚಿಕ್ಕಣ್ಣ ತನಗೊಂದು ಡಿಗ್ರಿ ಹೆಚ್ಚಿರುವುದನ್ನು ನೆನಪಿಸಿದ. ಮೊದಲು ಹುಟ್ಟಿದ್ದು ನನ್ನ ತಪ್ಪೇ ಎಂದ ದೊಡ್ಡಣ್ಣ. ಫೋನಿನಲ್ಲೂ ಅಕ್ಕಪಕ್ಕವೇ ಇರಲಿ ಎಂದು ದೊಡ್ಡತ್ತಿಗೆ ರಾಜಿ ಸೂಚಿಸಿದಳು. ಹಾಗೆ ಮಾಡಿದಾಗ ಇಬ್ಬರೂ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡವರಂತೆ ಕಂಡರು. ಇಷ್ಟರ ನಡುವೆ ಹಲ್ಲುನೋವಿನವರ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಕೊನೆಗೆ ಅವಳು ತನ್ನ ಕಸುಬಿನವರು ಮೂಗು ಮುರಿಯುವಂಥ ಕೆಲಸ ಮಾಡಿದಳು. ಕೋಡಿನಲ್ಲಿ ದೊಡ್ಡಣ್ಣನನ್ನೇ ಮೊದಲಿಟ್ಟು, ಫೋನಿನ ಪರದೆಯಲ್ಲಿ ಮಾತ್ರ ಚಿಕ್ಕಣ್ಣ ಮೇಲೆ ಕಾಣುವಂತೆ ಒಂದು ಸಾಲು ಸೇರಿಸಿದಳು. ನೋಡುವವರಿಗೆ ಚಿಕ್ಕವನು ಮೊದಲು, ಅಪ್ಪನಂತೆ ಓದಿಸಿ ಕೇಳುವವರಿಗೆ ದೊಡ್ಡವನು. ದೊಡ್ಡಣ್ಣ ಮುಖ ಊದಿಸಿಕೊಂಡಾಗ, ಇಂಟರ್‌ನೆಟ್ಟಿನಲ್ಲಿ ಹುಡುಕಿಕೊಡುವ ಯಂತ್ರಗಳು ಓದುವುದೂ ಕೋಡನ್ನೇ, ಅಲ್ಲಿ ನೀನೇ ಮೊದಲು ಎಂದು ಸಮಾಧಾನ ಹೇಳಿದಳು.

"ಯಂತ್ರಕ್ಕಾದರೂ ಹಿರಿಯರು ಯಾರು ಅಂತ ಗೊತ್ತಿದೆ," ಎಂದು ಅವನು ತಣ್ಣಗಾದ.

ಅದೇ ಗದ್ದಲದಲ್ಲಿ ಅವಳು ಯಾರನ್ನೂ ಕೇಳದೆ ಫೋಟೋಗಳಿಗಿಂತ ಮೇಲೆ ಒಂದು ದಪ್ಪ ಗುಂಡಿ ಇಟ್ಟಳು. 'ಹಲ್ಲುನೋವೇ? ಕರೆ ಮಾಡಿ' ಎಂದು ಅದರ ಮೇಲೆ ಬರೆದಿತ್ತು. ಒತ್ತಿದರೆ ನೇರ ಕ್ಲಿನಿಕ್ಕಿಗೆ ಕರೆ. ಅಣ್ಣಂದಿರ ಕಣ್ಣೆಲ್ಲ ಒಬ್ಬರ ಫೋಟೋ ಮೇಲೊಬ್ಬರದು ನೆಟ್ಟಿದ್ದರಿಂದ ಅದು ಇಬ್ಬರಿಗೂ ಕಾಣಲಿಲ್ಲ.

ಮುಂದಿನ ವಾರದಿಂದ ಕ್ಲಿನಿಕ್ಕಿನ ಫೋನಿಗೆ ಪುರುಸೊತ್ತೇ ಇಲ್ಲ. ಜನ ಬರುವುದು ತನ್ನ ನಗು ನೋಡಿ ಎಂದು ಚಿಕ್ಕಣ್ಣ ಬೀಗಿದ, ಯಂತ್ರಗಳ ಕೃಪೆಯೆಂದು ದೊಡ್ಡಣ್ಣ. ಫೋಟೋ ಇನ್ನಷ್ಟು ದೊಡ್ಡದು ಮಾಡು ಎಂದು ಇಬ್ಬರೂ ಗುಟ್ಟಾಗಿ, ಒಬ್ಬರಿಗೊಬ್ಬರು ತಿಳಿಯದಂತೆ, ತಂಗಿಗೆ ಹೇಳಿಕಳಿಸಿದರು.

ಅವಳು ಮನೆಗೆ ಹೋದಾಗ ಅಪ್ಪ ಕೇಳಿದರು, "ಇಷ್ಟೊಂದು ಜನ ಬರೋಕೆ ಇಬ್ಬರಲ್ಲಿ ಯಾರಮ್ಮ ಕಾರಣ?"

"ಇಬ್ಬರೂ ಅಲ್ಲಪ್ಪ. ಒಂದು ಗುಂಡಿ."

"ಅವರಿಗೆ ಹೇಳಬೇಡ," ಅಂದರು ಅಪ್ಪ. "ಅಲ್ಲೂ ತಮ್ಮ ಫೋಟೋ ಹಾಕಿಸ್ತಾರೆ."